ತಾತ್ಕಾಲಿಕ ವಯಸ್ಸು

ಜೂನ್ ಹದಿನಾಲ್ಕು, ಗುರುವಾರ. ಮನೆಯಾಕೆಯ ಹಳೆಯ ದಿನಚರಿಯ ಆ ಪುಟದಲ್ಲಿರುವುದು ಇಷ್ಟು: "ಇವರು ಸಂಜೆ ಆರೂಕಾಲಿಗೆ ಬಂದರು. ಇಂದು ಮಧ್ಯಾಹ್ನ ಮೂರು ಗಂಟೆಯಿಂದ ತಮಗೆ ಇಪ್ಪತ್ಮೂರು ವರ್ಷ ಎಂದು ತಿಳಿಸಿದರು. ಕಾಫಿ ಕೊಟ್ಟೆ. ಸಕ್ಕರೆ ಹಾಕಲಿಲ್ಲ."

ಯಜಮಾನರು ಮನೆಯಲ್ಲಿ ಸುಳ್ಳು ಹೇಳುವವರಲ್ಲ. ಮೂವತ್ತೇಳು ವರ್ಷ ಮನೆಮನೆಯ ಬಾಗಿಲಲ್ಲಿ ನಿಂತು ಮಡಚುವ ಏಣಿ ಮಾರಿದವರು; ಹೇಳಬೇಕಾದ ಸುಳ್ಳನ್ನೆಲ್ಲ ಹೊತ್ತಿಗೆ ಸರಿಯಾಗಿ ಹೊರಗೇ ಹೇಳಿ ಮುಗಿಸಿ ಬರುತ್ತಿದ್ದರು. ಆದ್ದರಿಂದ ಇಪ್ಪತ್ಮೂರು ಎಂದ ಮೇಲೆ ಇಪ್ಪತ್ಮೂರೇ ಇರಬೇಕು ಎಂದು ಮನೆಯಾಕೆ ಒಪ್ಪಿಕೊಂಡರು. ಆದರೆ ಹಿಂದಿನ ದಿನದವರೆಗೆ ಅವರಿಗೆ ಐವತ್ತೊಂಬತ್ತಾಗಿತ್ತು ಎಂಬುದಕ್ಕೂ ಆಕೆಯ ಬಳಿ ದಾಖಲೆಗಳಿದ್ದವು. ಆಕೆ ಪದವೀಧರೆ. ಆ ಕಾಲಕ್ಕೆ ತರಗತಿಗೆ ಎರಡನೆಯವರಾಗಿ ತೇರ್ಗಡೆಯಾದವರು; ಮೊದಲನೆಯವಳು ಉಪನ್ಯಾಸಕರ ತಂಗಿ ಎಂಬುದನ್ನೂ ದಾಖಲಿಸಿಟ್ಟವರು.

ಏಣಿಯ ಸಂಸ್ಥೆಯ ಕಟ್ಟಡಕ್ಕೆ ಐದು ಮಹಡಿ. ಲಿಫ್ಟ್ ಇರಲಿಲ್ಲ, ಏಣಿ ಮಾರುವವರಿಗೆ ಲಿಫ್ಟ್ ಯಾಕೆ ಎಂದು ಸ್ಥಾಪಕರು ಕೇಳಿದ್ದರಂತೆ. ನಿಯಮಾವಳಿಯಲ್ಲಿ ಇನ್ನೂರ ಹನ್ನೆರಡು ನಿಯಮಗಳಿದ್ದವು. ಮಾರಾಟಗಾರರಿಗೆ ಪ್ರಾಣದಷ್ಟು ಮುಖ್ಯವಾದದ್ದು ಹನ್ನೊಂದನೆಯದು: "ಗಿರಾಕಿಯೊಡನೆ ನಡೆಯುವ ಯಾವುದೇ ಸಂಭಾಷಣೆಯಲ್ಲಿ ಕೊನೆಯ ಮಾತು ಮಾರಾಟಗಾರನದ್ದೇ ಆಗಿರತಕ್ಕದ್ದು. ಗಿರಾಕಿಯು ಬಾಗಿಲು ಮುಚ್ಚಿದಲ್ಲಿ, ಮುಚ್ಚಿದ ಬಾಗಿಲಿಗೆ ಹೇಳತಕ್ಕದ್ದು."

ಯಜಮಾನರು ಈ ನಿಯಮವನ್ನು ಒಂದು ದಿನವೂ ಮುರಿದವರಲ್ಲ. ಊರಿನ ಅರ್ಧದಷ್ಟು ಬಾಗಿಲುಗಳಿಗೆ ಅವರ ದನಿ ಪರಿಚಯವಿತ್ತು. ಬೇರೆ ಊರಲ್ಲಿರುವ ಮಗಳು ಫೋನು ಮಾಡಿದರೆ "ಇಡ್ಲಾ ಅಪ್ಪ?" ಎಂದು ಒಂಬತ್ತು ಸಲ ಕೇಳಿ, ಹತ್ತನೆಯ ಸಲ ಅವರು "ಹ್ಞೂಂ, ಇಡು, ಆದ್ರೆ" ಎನ್ನುವಷ್ಟರಲ್ಲಿ ಇಟ್ಟುಬಿಡುತ್ತಿದ್ದಳು. ಮಾದರಿ ಏಣಿಯನ್ನು ಹೊತ್ತು ಹೊತ್ತು ಅವರ ಎಡ ಭುಜ ಬಲಕ್ಕಿಂತ ಒಂದು ಅಂಗುಲ ಇಳಿದಿತ್ತು. ದರ್ಜಿ ಅಳತೆ ತೆಗೆಯುವುದನ್ನು ಬಿಟ್ಟು, ಹಳೆಯ ಅಂಗಿಯ ಮೇಲೆ ಹೊಸ ಬಟ್ಟೆ ಇಟ್ಟು ಕತ್ತರಿಸುತ್ತಿದ್ದ.

ಆಗಸ್ಟ್ ಮೂವತ್ತೊಂದಕ್ಕೆ ಅವರಿಗೆ ಅರವತ್ತು ತುಂಬಿ ನಿವೃತ್ತಿ. ಅವರಿಗೆ ಬೇಕಾಗಿದ್ದದ್ದು ಅದೊಂದೇ. ಕೆಲಸದ ದಿನ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮ ಮನೆ ಹೇಗಿರುತ್ತದೆ ಎಂದು ಅವರು ನೋಡಿರಲೇ ಇಲ್ಲ. ಜನರ ಮನೆಗಳೆಲ್ಲ ಆ ಹೊತ್ತಿಗೆ ಹೇಗಿರುತ್ತವೆ ಎಂದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಸಂಸ್ಥೆಗೆ ಐವತ್ತು ತುಂಬಿತು. ಈ ಸಂದರ್ಭದಲ್ಲಿ ಒಂದು ಚಲನಚಿತ್ರ ತಯಾರಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಪ್ರಧಾನ ವ್ಯವಸ್ಥಾಪಕರ ಸುತ್ತೋಲೆ ಹೀಗಿತ್ತು: "ಸದರಿ ಚಿತ್ರದಲ್ಲಿ ಮೂವರು ಮಾರಾಟಗಾರರು ಒಂದು ಹೋಟೆಲಿನ ಕೋಣೆಯಲ್ಲಿ ಕುಳಿತು ದೊಡ್ಡ ಗಿರಾಕಿಯೊಬ್ಬನಿಗಾಗಿ ಕಾಯುತ್ತಾರೆ. ಒಬ್ಬ ಯುವಕ, ಒಬ್ಬ ನಡುವಯಸ್ಕ, ಒಬ್ಬ ನಿವೃತ್ತಿಯ ಹೊಸ್ತಿಲಲ್ಲಿರುವವ. ಗಿರಾಕಿ ಬರುವುದಿಲ್ಲ. ಮೂವರೂ ಬದುಕಿನ ಬಗ್ಗೆ ಮಾತಾಡುತ್ತಾರೆ. ಚಿತ್ರದಲ್ಲಿ ಮಾತಿನ ಹೊರತು ಬೇರೇನೂ ಇರತಕ್ಕದ್ದಲ್ಲ, ಏಕೆಂದರೆ ಮಾತಿಗೆ ಖರ್ಚಿಲ್ಲ."

ನಿರ್ದೇಶನದ ಹೊಣೆಯನ್ನು ಪ್ರಧಾನ ವ್ಯವಸ್ಥಾಪಕರ ಬಾಮೈದನಿಗೆ ವಹಿಸಲಾಯಿತು. ಆತನಿಗೆ ಅನುಭವವಿತ್ತು, ಹಿಂದೊಮ್ಮೆ ಅಗ್ನಿಶಾಮಕ ದಳದ ತಾಲೀಮನ್ನು ಚಿತ್ರೀಕರಿಸಿ, ಬೆಂಕಿ ಆರುವ ಭಾಗವನ್ನು ಮರೆತಿದ್ದ. ಸಂಭಾವನೆ ದಿನದ ಲೆಕ್ಕದಲ್ಲಿ. ನಟರನ್ನು ಹೊರಗಿನಿಂದ ತರುವುದು ಬೇಡ, ಮಾರಾಟಗಾರರಿಗಿಂತ ದೊಡ್ಡ ನಟರು ಎಲ್ಲಿ ಸಿಗುತ್ತಾರೆ ಎಂದು ಮಂಡಳಿ ಕೇಳಿಕೊಂಡು, ತಾನೇ ಸಮಾಧಾನ ಪಟ್ಟುಕೊಂಡಿತು.

ಮಾರಾಟ ವಿಭಾಗದಿಂದ ಮೂವರನ್ನು ಆರಿಸಿದರು. ಮೊದಲನೆಯವರು ನಮ್ಮ ಯಜಮಾನರು. ಕಚೇರಿಯಲ್ಲಿ ಎಲ್ಲರಿಗೂ ಅವರು ಮಾವ. ಎರಡನೆಯವನು ಕಂತಣ್ಣ, ನಲವತ್ತೊಂದರವನು. ಏನನ್ನು ಮಾರಿದರೂ ಕಂತಿನಲ್ಲೇ ಮಾರುತ್ತಿದ್ದುದರಿಂದ ಆ ಹೆಸರು; ಸ್ವಂತ ಅಣ್ಣನಿಗೆ ಕೊಟ್ಟ ಹುಟ್ಟುಹಬ್ಬದ ಉಡುಗೊರೆಯನ್ನೂ ಎರಡು ಸಲಕ್ಕೆ ಕೊಟ್ಟಿದ್ದ. ಮೂರನೆಯವನು ಇಪ್ಪತ್ಮೂರರ ಹುಡುಗ, ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳು. ಅವನನ್ನು ಹೊಸಬ ಎನ್ನುತ್ತಿದ್ದರು. ಹನ್ನೊಂದನೆಯ ನಿಯಮವನ್ನು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದ, ಕಣ್ಣು ಬಿಟ್ಟರೆ ಮರೆಯುತ್ತಿದ್ದ.

ಮೂರು ಪಾತ್ರ, ಮೂರು ವಯಸ್ಸು, ಮೂವರು ಜನ. ಇದರಲ್ಲಿ ತಪ್ಪಾಗಲು ಎಡೆಯೇ ಇಲ್ಲ ಎಂದು ಯಜಮಾನರು ನಂಬಿದ್ದರು. ಆದರೆ ಪಾತ್ರ ಹಂಚಿಕೆಯ ಕಡತ ಸಿಬ್ಬಂದಿ ಅಧಿಕಾರಿಯ ಮೇಜಿಗೆ ಹೋಯಿತು. ಅವರು ಅದನ್ನು ಹಂಚಿಕೆಯ ಇತರ ಎಲ್ಲ ಕಡತಗಳಂತೆ, ಅಂದರೆ ಕುರ್ಚಿ, ಫ್ಯಾನು, ಕಿಟಕಿ ಪಕ್ಕದ ಜಾಗಗಳಂತೆ, ಸೇವಾ ಹಿರಿತನದ ಪ್ರಕಾರವೇ ಹಂಚಿದರು. ಒಂದನೆಯ ಪಾತ್ರ: ಯುವಕ. ಅತ್ಯಂತ ಹಿರಿಯ ನೌಕರನಿಗೆ. ಎರಡನೆಯ ಪಾತ್ರ: ನಡುವಯಸ್ಕ. ಎರಡನೆಯ ಹಿರಿಯನಿಗೆ. ಮೂರನೆಯ ಪಾತ್ರ: ವೃದ್ಧ. ಉಳಿದವನಿಗೆ.

ಯಜಮಾನರು ಐದನೆಯ ಮಹಡಿ ಹತ್ತಿ ಹೋಗಿ, ಉಸಿರು ಹಿಡಿದುಕೊಂಡು, ತಮಗೆ ಐವತ್ತೊಂಬತ್ತು ಎಂದರು. ಯುವಕನ ಪಾತ್ರ ಹೊಸಬನಿಗೆ ಒಪ್ಪುತ್ತದೆ, ತಮಗೆ ಮೂರನೆಯದೇ ಸಾಕು ಎಂದರು.

ಸಿಬ್ಬಂದಿ ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. "ನಾಲ್ಕು ತಿಂಗಳ ಹುಡುಗನಿಗೆ ಒಂದನೇ ನಂಬರ್ ಕೊಟ್ಟು ನಿಮ್ಮನ್ನ ಮೂರಕ್ಕೆ ಇಳಿಸ್ಲಾ? ನಾಳೆ ಯಾರಾದ್ರೂ ಕೇಳಿದ್ರೆ ನಾನೇನ್ ಹೇಳ್ಲಿ?"

"ಇಳಿದ್ರೂ ಪರವಾಗಿಲ್ಲ ಸಾರ್."

"ನಿಮಗೆ ಪರವಾಗಿಲ್ಲ. ಹಿರಿತನಕ್ಕೆ ಅವಮಾನ ಆಗತ್ತಲ್ಲ."

ಹಿರಿತನದ ಪರವಾಗಿ ಯಜಮಾನರು ಕೆಳಗಿಳಿದು ಬಂದರು.

ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಕ್ಯಾಮೆರಾ ಬಾಡಿಗೆಯ ಬಿಲ್ಲು ಲೆಕ್ಕ ತನಿಖೆಗೆ ಹೋದಾಗ ಅಲ್ಲಿಂದ ಆಕ್ಷೇಪಣೆ ಬಂತು. ಮಂಡಳಿ ಮಂಜೂರು ಮಾಡಿದ್ದು ಇಪ್ಪತ್ಮೂರು ವರ್ಷದ ಯುವಕನೊಬ್ಬನ ಚಿತ್ರೀಕರಣಕ್ಕೆ. ಸೇವಾ ಪುಸ್ತಕದ ಪ್ರಕಾರ ಕ್ಯಾಮೆರಾದ ಎದುರು ನಿಲ್ಲಬೇಕಾದ ವ್ಯಕ್ತಿಗೆ ಐವತ್ತೊಂಬತ್ತು. ಆದ್ದರಿಂದ ಮೂವತ್ತಾರು ವರ್ಷಗಳ ವ್ಯತ್ಯಾಸಕ್ಕೆ ವಿವರಣೆ ನೀಡತಕ್ಕದ್ದು.

ಸಿಬ್ಬಂದಿ ಅಧಿಕಾರಿ ಒಂದು ರಾತ್ರಿ ಯೋಚಿಸಿ, ಮೂರು ಪರಿಹಾರಗಳಿವೆ ಎಂದು ಬರೆದರು. ಪಾತ್ರಗಳನ್ನು ಅದಲುಬದಲು ಮಾಡಬಹುದು, ಆದರೆ ಅದು ಹಿರಿತನಕ್ಕೆ ವಿರುದ್ಧ. ಕಥೆಯನ್ನು ಬದಲಾಯಿಸಬಹುದು, ಆದರೆ ಅದಕ್ಕೆ ಮಂಡಳಿಯ ಸಭೆ ಸೇರಬೇಕು, ಸಭೆಗೆ ಬಿಸ್ಕತ್ತಿನ ಮಂಜೂರಾತಿ ಬೇಕು. ವಯಸ್ಸನ್ನು ಬದಲಾಯಿಸಬಹುದು, ಅದು ತಮ್ಮ ಅಧಿಕಾರ ವ್ಯಾಪ್ತಿಯಲ್ಲೇ ಬರುತ್ತದೆ, ಒಂದು ಸಹಿ ಸಾಕು.

ಜೂನ್ ಹದಿನಾಲ್ಕರ ಮಧ್ಯಾಹ್ನ ಮೂರಕ್ಕೆ ಆ ಸಹಿ ಬಿತ್ತು. ಯಜಮಾನರ ಹುಟ್ಟಿದ ದಿನಾಂಕ ಹೊಸಬನಿಗೆ, ಹೊಸಬನದು ಯಜಮಾನರಿಗೆ. "ತಾತ್ಕಾಲಿಕವಾಗಿ. ಚಿತ್ರ ಮುಗಿಯುವವರೆಗೆ ಮಾತ್ರ." ಕಂತಣ್ಣನ ಪಾತ್ರಕ್ಕೆ ನಲವತ್ತೊಂದು, ಅವನಿಗೂ ನಲವತ್ತೊಂದು, ಅವನ ಪುಟದಲ್ಲಿ "ಬದಲಾವಣೆ ಇಲ್ಲ" ಎಂದು ಬರೆದು ಬಿಟ್ಟರು. ಅವನಿಗೆ ಆವತ್ತಿನಿಂದಲೇ ಸ್ವಲ್ಪ ಬೇಜಾರು.

ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ. ಆಗಸ್ಟ್ ಮೂವತ್ತೊಂದರ ಗತಿಯೇನು? ಸಿಬ್ಬಂದಿ ಅಧಿಕಾರಿ ಬೆರಳು ಮಡಚಿ ಲೆಕ್ಕ ಹೇಳಿದರು. ಚಿತ್ರೀಕರಣ ಹನ್ನೊಂದು ದಿನ. ಜುಲೈ ಒಂದಕ್ಕೆ ಅವರಿಗೆ ಮತ್ತೆ ಐವತ್ತೊಂಬತ್ತು. ಅರವತ್ತಾಗುವುದಕ್ಕೆ ಎರಡು ತಿಂಗಳು ಧಾರಾಳವಾಗಿ ಉಳಿಯುತ್ತದೆ.

ಮೂರನೆಯ ಮಹಡಿಯ ಉಗ್ರಾಣವನ್ನು ಖಾಲಿ ಮಾಡಿ ಹೋಟೆಲಿನ ಕೋಣೆ ಮಾಡಿದರು. ಒಂದು ಮಂಚ, ಮೂರು ಕುರ್ಚಿ, ನೀರಿನ ಜಗ್ಗು, ಗೋಡೆಗೆ ಬಳಿದ ಕಿಟಕಿ. ಮೊದಲ ಹತ್ತು ದಿನ ಕೆಲಸ ಹೂವೆತ್ತಿದಂತೆ ನಡೆಯಿತು. ಯಜಮಾನರು ಯುವಕನಾಗಿ "ನಾನು ಒಂದು ವರ್ಷದಲ್ಲಿ ಊರಿಗೆಲ್ಲ ಏಣಿ ಮಾರಿಬಿಡ್ತೀನಿ" ಎಂದರು. ಮೂವತ್ತೇಳು ವರ್ಷದ ಹಿಂದೆ ಹೇಳಿದ ಮಾತೇ ಆದ್ದರಿಂದ ಬಾಯಿಪಾಠ ಮಾಡುವ ಅಗತ್ಯ ಬೀಳಲಿಲ್ಲ. ಹೊಸಬ ಕೆಮ್ಮಿ "ನಾನೂ ಹಾಗೇ ಅಂದ್ಕೊಂಡಿದ್ದೆ ಮಗು" ಎಂದು ಯಜಮಾನರ ತಲೆ ಸವರಿದ. ಸವರಿ, ಕ್ಯಾಮೆರಾ ನಿಂತೊಡನೆ "ತಪ್ಪು ತಿಳ್ಕೋಬೇಡಿ ಮಾವ" ಎಂದ.

ತೊಡಕು ಬಂದದ್ದು ಕೊನೆಯ ದೃಶ್ಯಕ್ಕೆ. ಬರೆದದ್ದು ಇಷ್ಟೇ: ವೃದ್ಧ ಮಾರಾಟಗಾರ "ಹೊತ್ತಾಯ್ತು, ಆತ ಇನ್ನು ಬರಲ್ಲ" ಎನ್ನುತ್ತಾನೆ. ಮೂವರೂ ಕಿಟಕಿಯತ್ತ ನೋಡುತ್ತಾರೆ. ನಲವತ್ತು ಸೆಕೆಂಡು ಮೌನ. ಚಿತ್ರ ಮುಗಿಯುತ್ತದೆ.

ಹನ್ನೊಂದನೆಯ ದಿನ ಹೊಸಬ ತನ್ನ ಮಾತು ಹೇಳಿದ. ಮೂರು ಸೆಕೆಂಡಾಗಿರಬಹುದು. ಯಜಮಾನರ ನಾಲಗೆ ತನ್ನಷ್ಟಕ್ಕೆ ತಾನೇ ಎದ್ದಿತು. "ಆತ ಬರಲ್ಲ ಅಂದ್ರೆ ನಾವೇ ಹೋಗೋಣ" ಎಂದುಬಿಟ್ಟರು. ಹೋಗುವುದಾದರೆ ಕಂತಿನ ಪುಸ್ತಕ ತೆಗೆದುಕೊಂಡು ಹೋಗೋಣ ಎಂದ ಕಂತಣ್ಣ. ಹೊಸಬ ಕಣ್ಣು ಮುಚ್ಚಿ ಹನ್ನೊಂದನೆಯ ನಿಯಮವನ್ನು ನೆನೆದು, ಪುಸ್ತಕ ತನ್ನ ಬಳಿಯೇ ಇದೆ ಎಂದ. ಹಾಗಿದ್ದರೆ ಕಾಯುವುದೇಕೆ ಎಂದರು ಯಜಮಾನರು. ಮೂವರು ಮಾರಾಟಗಾರರನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿ ಕೊನೆಯ ಮಾತು ಯಾರದಾದರೂ ಆಗಲಿ ಎಂದು ಬಿಟ್ಟರೆ ಏನಾಗಬೇಕೋ ಅದೇ ಆಯಿತು. ಸಂಜೆ ಐದೂವರೆಗೆ ಕ್ಯಾಮೆರಾದ ಬ್ಯಾಟರಿ ಸತ್ತಿತು, ಮಾತು ಸಾಯಲಿಲ್ಲ.

ನಿರ್ದೇಶಕ "ಕಟ್" ಎಂದು ಕೂಗಿದ್ದುಂಟು. ಆದರೆ ಅದೂ ಒಂದು ಮಾತೇ; ಅದಕ್ಕೊಂದು ಉತ್ತರ ಕೊಡದೆ ಬಿಡಲಾದೀತೆ? ಕಟ್ ಅನ್ನುವುದು ಸರಿ, ಆದರೆ ನಿಮ್ಮ ದೀಪದವನು ಕುರ್ಚಿಯ ಮೇಲೆ ಸ್ಟೂಲಿಟ್ಟು ಹತ್ತಿದ್ದಾನಲ್ಲ, ಬಿದ್ದರೆ ಆಸ್ಪತ್ರೆಗೆ ಯಾರು ಓಡಾಡುತ್ತಾರೆ ಎಂದು ಯಜಮಾನರು ವಿಚಾರಿಸಿದರು. ದೀಪದವನು ಮೇಲಿನಿಂದ ಕೆಳಗೆ ನೋಡಿದ. ಆ ಸಂಜೆ ಅವನು ಆರು ಮೆಟ್ಟಿಲಿನ ಏಣಿಯೊಂದನ್ನು ಕೊಂಡು ಹೆಗಲ ಮೇಲೆ ಹೊತ್ತು ಮನೆಗೆ ಹೋದ.

ಮರುದಿನವೂ ಕೊನೆಯ ದೃಶ್ಯ, ಅದರ ಮರುದಿನವೂ ಅದೇ. ದಿನಗೂಲಿಯ ನಿರ್ದೇಶಕನಿಗೆ ಅವಸರವಿರಲಿಲ್ಲ. ಕಲೆಗೆ ಅವಸರ ಸಲ್ಲದು ಎಂದು ಹೇಳಿ, ಮಧ್ಯಾಹ್ನ ಆ ಮಂಚದ ಮೇಲೇ ನಿದ್ದೆ ಮಾಡುತ್ತಿದ್ದ. ಜುಲೈ ಕೊನೆಗೆ ಚಿತ್ರತಂಡದವರು ಒಟ್ಟು ನಲವತ್ತೊಂದು ಏಣಿ ಕೊಂಡಿದ್ದರು. ಧ್ವನಿ ಹಿಡಿಯುವವನ ಮನೆಗೆ ಸೂರೇ ಏಳಡಿ ಎತ್ತರ, ಅವನು ಹನ್ನೆರಡು ಅಡಿಯದನ್ನು ಕೊಂಡ. ಎಲ್ಲವೂ ಕಂತಣ್ಣನ ಮೂಲಕ. ಕಂತು ತೀರಬೇಕಾದರೆ ಕೂಲಿ ಬರಬೇಕು, ಕೂಲಿ ಬರಬೇಕಾದರೆ ಚಿತ್ರೀಕರಣ ನಡೆಯಬೇಕು. ಹೀಗಾಗಿ ತಂಡದಲ್ಲಿ ಒಬ್ಬನಿಗೂ ಚಿತ್ರ ಮುಗಿಯುವುದು ಬೇಕಿರಲಿಲ್ಲ. ಮಾರಾಟ ವಿಭಾಗ ಪ್ರಧಾನ ವ್ಯವಸ್ಥಾಪಕರಿಗೆ ಟಿಪ್ಪಣಿ ಕಳಿಸಿತು: "ಸದರಿ ಕೊನೆಯ ದೃಶ್ಯವು ಸಂಸ್ಥೆಯ ಈ ಸಾಲಿನ ಅತ್ಯುತ್ತಮ ಮಳಿಗೆಯಾಗಿ ಹೊರಹೊಮ್ಮಿದ್ದು, ಅದನ್ನು ಅವಸರದಲ್ಲಿ ಮುಗಿಸಬಾರದಾಗಿ ಕೋರಿದೆ."

ಮುಗಿಯಬೇಕಾಗಿದ್ದದ್ದು ಯಜಮಾನರೊಬ್ಬರಿಗೆ. ಚಿತ್ರ ಮುಗಿಯದೆ ಐವತ್ತೊಂಬತ್ತು ಮರಳಿ ಬಾರದು. ಐವತ್ತೊಂಬತ್ತು ಬಾರದೆ ಅರವತ್ತಾಗದು. ಮುಗಿಯಬಾರದಂತೆ ತಡೆದಿದ್ದವರಲ್ಲಿ ಮೊದಲಿಗರೂ ಅವರೇ. ಪ್ರತಿ ದಿನ ಬೆಳಿಗ್ಗೆ ಇವತ್ತು ತುಟಿ ಹೊಲಿದುಕೊಂಡು ಕೂರುತ್ತೇನೆ ಎಂದು ಹೋಗುವರು. ನಾಲ್ಕನೆಯ ಸೆಕೆಂಡಿಗೆ ಹೊಲಿಗೆ ಬಿಚ್ಚಿಹೋಗುವುದು.

ಆಗಸ್ಟ್ ಮೊದಲ ವಾರ ಮನೆಯಾಕೆ ಊಟಕ್ಕೆ ಬಡಿಸುತ್ತ ವಿಷಯವನ್ನೆಲ್ಲ ಕ್ರಮವಾಗಿ ಕೇಳಿ ತಿಳಿದುಕೊಂಡರು. ಪದವಿ ಓದಿದವರ ತಲೆ ಓಡುವುದೇ ಬೇರೆ.

"ಮೂವತ್ತೇಳು ವರ್ಷ ಕಂಡಕಂಡೋರಿಗೆ ಏಣಿ ಮಾರಿದೀರಿ. ಅಟ್ಟ ಇಲ್ದೋರಿಗೂ ಮಾರಿದೀರಿ. ನಲವತ್ತು ಸೆಕೆಂಡ್ ಸುಮ್ನಿರೋದನ್ನ ಇಬ್ಬರಿಗೆ ಮಾರಕ್ಕಾಗಲ್ವಾ?"

ಯಜಮಾನರು ತುತ್ತನ್ನು ಕೈಯಲ್ಲೇ ಹಿಡಿದು ಕುಳಿತರು. ಅದನ್ನು ಅವರು ಸರಕು ಎಂದು ನೋಡಿಯೇ ಇರಲಿಲ್ಲ.

ಮಾರುವವನಿಗೆ ಮೊದಲು ಮಾಲಿನ ಬಳಕೆ ಗೊತ್ತಿರಬೇಕು. ಅಡುಗೆಮನೆಯ ಗಡಿಯಾರದ ಕೆಳಗೆ ತಾಲೀಮು ಶುರುವಾಯಿತು. ಮೊದಲ ದಿನ ನಾಲ್ಕು ಸೆಕೆಂಡು. ಮೂರನೆಯ ದಿನ ಒಂಬತ್ತು. ಆರನೆಯ ದಿನ ಹಾಲಿನವನು ಬಂದು ಬಾಗಿಲು ತಟ್ಟಿದ್ದರಿಂದ ಎರಡಕ್ಕೆ ಇಳಿಯಿತು. ಎಂಟನೆಯ ದಿನ ನಲವತ್ತನ್ನೂ ದಾಟಿ ಎಪ್ಪತ್ತಕ್ಕೆ ಹೋಯಿತು, ಆದರೆ ಅವರು ನಿದ್ದೆ ಹೋಗಿದ್ದರು. ಮನೆಯಾಕೆ ಅದನ್ನು ಪರಿಗಣಿಸಲಿಲ್ಲ. ಆಗಸ್ಟ್ ಇಪ್ಪತ್ತಾರಕ್ಕೆ, ಎಚ್ಚರದಲ್ಲಿ, ಕಣ್ಣು ಬಿಟ್ಟುಕೊಂಡು, ನಲವತ್ತು ಪೂರೈಸಿದರು. ಆಕೆ ಸಹಿ ಹಾಕಿ ದಿನಾಂಕ ಬರೆದರು.

ಇಪ್ಪತ್ತೆಂಟರಂದು ಚಹಾದ ವಿರಾಮದಲ್ಲಿ ಯಜಮಾನರು ಉಳಿದಿಬ್ಬರನ್ನು ಮಹಡಿಯ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ತಮ್ಮ ಸರಕನ್ನು ಬಿಚ್ಚಿದರು. ಮೌನಕ್ಕೆ ತೂಕವಿಲ್ಲ, ಹೊರಬೇಕಾಗಿಲ್ಲ, ತುಕ್ಕು ಹಿಡಿಯುವುದಿಲ್ಲ, ಮಡಚುವ ಕೆಲಸವೂ ಇಲ್ಲ ಎಂದು ವರ್ಣಿಸಿದರು. ಕಂತಣ್ಣ ಚಹಾ ಹೀರುತ್ತ ಬೆಲೆ ಕೇಳಿದ. ತಾವು ನಿವೃತ್ತರಾದ ಮೇಲೆ ಪೇಟೆ ಬೀದಿಯ ಗಿರಾಕಿಗಳೆಲ್ಲ ಅವನಿಗೇ ಎಂದರು ಯಜಮಾನರು.

"ಒಟ್ಟಿಗೆ ನಲವತ್ತು ಆಗಲ್ಲ ಮಾವ. ಹತ್ತು ಹತ್ತರ ನಾಲ್ಕು ಕಂತು ಮಾಡಿ, ಮಧ್ಯೆ ಸಣ್ಣದಾಗಿ ಒಂದೊಂದು ಕೆಮ್ಮು ಕೊಡ್ತೀನಿ."

ಕೆಮ್ಮು ಮಾತಲ್ಲವಾದ್ದರಿಂದ ವ್ಯಾಪಾರ ಕುದುರಿತು. ಹೊಸಬ ಮಾತ್ರ ಹೆದರಿದ್ದ. ಪರೀಕ್ಷಾವಧಿಯಲ್ಲಿರುವ ನೌಕರ ಹನ್ನೊಂದನೆಯ ನಿಯಮ ಮುರಿದರೆ ಕೆಲಸಕ್ಕೇ ಕುತ್ತಲ್ಲವೇ ಎಂದ.

"ಲೇ, ರೂಲು ಇರೋದು ಗಿರಾಕಿ ಜೊತೆ ಮಾತಿಗೆ," ಎಂದರು ಯಜಮಾನರು. "ಈ ಸಿನಿಮಾದಲ್ಲಿ ಗಿರಾಕಿ ಬಂದೇ ಇಲ್ವಲ್ಲ."

ಹೊಸಬ ಕಣ್ಣು ಮುಚ್ಚಿ ನಿಯಮವನ್ನು ಮತ್ತೊಮ್ಮೆ ಓದಿಕೊಂಡು, ಹೌದಲ್ಲ ಎಂದ. ಎರಡು ತಿಂಗಳು ಈ ಅಂಶ ಯಾರಿಗೂ ಹೊಳೆದಿರಲಿಲ್ಲ.

ಆಗಸ್ಟ್ ಇಪ್ಪತ್ತೊಂಬತ್ತು, ಬೆಳಿಗ್ಗೆ ಹನ್ನೊಂದು ಇಪ್ಪತ್ತು. "ಹೊತ್ತಾಯ್ತು, ಆತ ಇನ್ನು ಬರಲ್ಲ" ಎಂದ ಹೊಸಬ. ಮೂವರೂ ಗೋಡೆಗೆ ಬಳಿದ ಕಿಟಕಿಯನ್ನು ನೋಡಿದರು. ಹತ್ತನೆಯ ಸೆಕೆಂಡಿಗೆ ಕಂತಣ್ಣ ಕೆಮ್ಮಿದ. ಹೊಸಬ ಕುರ್ಚಿಯ ಕೈಯನ್ನು ಹಿಡಿದ ಬಿಗಿಗೆ ಮೊಳೆ ಕೀರಲಿಟ್ಟಿತು. ಇಪ್ಪತ್ತು, ಕೆಮ್ಮು. ಮೂವತ್ತು, ಕೆಮ್ಮು. ಮೂವತ್ತೊಂದನೆಯ ಸೆಕೆಂಡಿಗೆ ಯಜಮಾನರ ಬಾಯಿ ತೆರೆಯಿತು. ಮೂವತ್ತೇಳು ವರ್ಷದ ಮಾತೆಲ್ಲ ಗಂಟಲಿನ ತನಕ ಬಂದು ನೂಕಾಡುತ್ತಿತ್ತು. ಮನೆಯಾಕೆಯ ಸಹಿಯನ್ನು ನೆನೆದು, ಅದನ್ನೆಲ್ಲ ಹಾಗೆಯೇ ಒಂದು ಆಕಳಿಕೆಗೆ ತಿರುಗಿಸಿ ಬಾಯಿ ಮುಚ್ಚಿದರು. ನಲವತ್ತು.

ನಿರ್ದೇಶಕ ಮಂಚದ ಮೇಲೆ ಕುಳಿತು ಬಿಕ್ಕಿಬಿಕ್ಕಿ ಅತ್ತ. ನಾಳೆಯಿಂದ ಕೂಲಿ ಇಲ್ಲವೆಂದು ಅತ್ತದ್ದು. ಉಳಿದವರು ಅದನ್ನು ಕಲೆಯ ಪ್ರಭಾವವೆಂದು ತಿಳಿದರು.

ಮರುದಿನ ಆಡಳಿತ ಮಂಡಳಿ ಚಿತ್ರ ನೋಡಿತು. ದೀಪ ಹತ್ತಿದಾಗ ಅಧ್ಯಕ್ಷರು ಕರವಸ್ತ್ರದಲ್ಲಿ ಕಣ್ಣೊತ್ತಿಕೊಳ್ಳುತ್ತಿದ್ದರು. ಇಡೀ ಬದುಕು ಮುಂದಿರುವ ಆ ಯುವಕ ಮೂವತ್ತೊಂದನೆಯ ಸೆಕೆಂಡಿನಲ್ಲಿ ಬಾಯಿ ತೆರೆದು ಏನೂ ಹೇಳದೆ ಮುಚ್ಚಿದನಲ್ಲ, ಅದರಲ್ಲಿ ಮಾರಾಟದ ಸಾರವೇ ಇದೆ ಎಂದರು. ಸಾರ ಏನೆಂದು ಹೇಳಲಿಲ್ಲ. ಸದರಿ ಚಿತ್ರವನ್ನು ಸಂಸ್ಥೆಯ ಶಾಶ್ವತ ತರಬೇತಿ ಚಿತ್ರವೆಂದು ಘೋಷಿಸಿ, ಪ್ರತಿ ಸೋಮವಾರ ಪ್ರದರ್ಶಿಸತಕ್ಕದ್ದು ಎಂದು ಸರ್ವಾನುಮತದಿಂದ ನಿರ್ಣಯಿಸಲಾಯಿತು.

ಯಜಮಾನರು ಐದನೆಯ ಮಹಡಿಗೆ ಓಡಿದರು. ನಿಜವಾಗಿಯೂ ಇಪ್ಪತ್ಮೂರರವರಂತೆ ಓಡಿದರು. ಚಿತ್ರ ಮುಗಿಯಿತು, ನನ್ನ ವಯಸ್ಸು ವಾಪಸ್ಸು ಕೊಡಿ ಎಂದರು.

ಸಿಬ್ಬಂದಿ ಅಧಿಕಾರಿ ನಿರ್ಣಯದ ಪ್ರತಿಯನ್ನು ಅವರ ಮುಂದಿಟ್ಟರು. "ಶಾಶ್ವತ ಅಂತ ಆಗಿದೆ. ಶಾಶ್ವತವಾದದ್ದು ಮುಗಿಯೋದು ಹೇಗೆ, ನೀವೇ ಹೇಳಿ. ಪ್ರತಿ ಸೋಮವಾರ ಹಾಕ್ತಾರೆ, ಪ್ರತಿ ಸೋಮವಾರ ಅದ್ರಲ್ಲಿ ನಿಮಗೆ ಇಪ್ಪತ್ಮೂರು. ನಾನು ಇಲ್ಲಿ ಅರವತ್ತು ಅಂತ ಬರೆದ್ರೆ ತನಿಖೆಯವರು ಸುಮ್ನಿರ್ತಾರಾ?"

"ನಾಳೆ ನನ್ನ ನಿವೃತ್ತಿ ಸಾರ್."

"ಸಮಾರಂಭಕ್ಕೆ ಎಲ್ಲ ಏರ್ಪಾಡಾಗಿದೆ. ಅದ್ರಲ್ಲಿ ಏನೂ ಲೋಪ ಇಲ್ಲ."

ಲೋಪವಿರಲಿಲ್ಲ. ಆಗಸ್ಟ್ ಮೂವತ್ತೊಂದರ ಸಂಜೆ ನಾಲ್ಕಕ್ಕೆ, ಅರವತ್ತು ತುಂಬಿದ ನೌಕರನಾದ ಹೊಸಬನನ್ನು ಹೂಮಾಲೆ ಹಾಕಿ ಬೀಳ್ಕೊಟ್ಟರು. ಬಂಗಾರದ ಬಣ್ಣದ ಗೋಡೆ ಗಡಿಯಾರ ಕೊಟ್ಟರು. ಸಂಸ್ಥೆಗಾಗಿ ತಲೆ ನರೆಸಿದ ಹಿರಿಯ ಜೀವ ಎಂದು ಪ್ರಧಾನ ವ್ಯವಸ್ಥಾಪಕರು ಭಾಷಣ ಮಾಡಿದರು; ಕೂದಲು ಕಪ್ಪಗಿರುವುದು ಸಂಸ್ಥೆ ನೌಕರರನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದೆ ಎಂಬುದಕ್ಕೆ ಸಾಕ್ಷಿ ಎಂದೂ ಸೇರಿಸಿದರು. ನಾಲ್ಕು ತಿಂಗಳ ಕೆಲಸಕ್ಕೆ ಎರಡು ತಿಂಗಳ ಚಿತ್ರೀಕರಣ ಸೇರಿದರೂ ಪಿಂಚಣಿ ಹೇಗೆ ಎಂದು ಯಾರೋ ಕೇಳಿದ್ದರು. ಇಪ್ಪತ್ನಾಲ್ಕು ದಾಟಿದವರನ್ನು ಸಂಸ್ಥೆ ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ. ಅರವತ್ತರವನು ಕೆಲಸದಲ್ಲಿದ್ದಾನೆಂದರೆ ಕನಿಷ್ಠ ಮೂವತ್ತಾರು ವರ್ಷ ದುಡಿದಿರಲೇಬೇಕು ಎಂದು ಸಿಬ್ಬಂದಿ ಅಧಿಕಾರಿ ವಿವರಿಸಿದರು. ಅದೇ ತರ್ಕದಂತೆ ಇಪ್ಪತ್ಮೂರರವರು ಮೂವತ್ತೇಳು ವರ್ಷ ದುಡಿದಿರುವುದು ಅಸಾಧ್ಯವಾದ್ದರಿಂದ, ಯಜಮಾನರನ್ನು ಪರೀಕ್ಷಾವಧಿಗೆ ಇಡಲಾಗಿತ್ತು. ಸಮಾರಂಭದಲ್ಲಿ ಚಹಾ ಹಂಚುವುದು ಅತ್ಯಂತ ಕಿರಿಯ ನೌಕರನ ಕೆಲಸ. ಅವರು ಹಂಚಿದರು.

ಹೊಸಬ ಲೋಟ ತೆಗೆದುಕೊಳ್ಳುವಾಗ ಅವನ ಕಣ್ಣಲ್ಲಿ ನೀರಿತ್ತು. "ನಾನು ಬೇಡ ಅಂದೆ ಮಾವ. ಪಿಂಚಣಿ ಬೇಡ ಅನ್ನೋದಕ್ಕೆ ಫಾರಮ್ಮೇ ಇಲ್ವಂತೆ."

ಯಜಮಾನರು ಅವನ ಮಾಲೆಯನ್ನು ಸರಿಮಾಡಿ ಮುಂದಿನವರಿಗೆ ಚಹಾ ಕೊಟ್ಟರು.

ಮರುದಿನ ಮನೆಯಾಕೆ ಸ್ವತಃ ಹೊರಟರು. ಇಸ್ತ್ರಿ ಮಾಡಿದ ಸೀರೆ, ಕಂಕುಳಲ್ಲಿ ಕಡತ. ಅದರಲ್ಲಿ ಜನನ ಪತ್ರ, ಶಾಲೆಯ ಪ್ರಮಾಣಪತ್ರ, ಮದುವೆಯ ನೋಂದಣಿ, ಮಗಳ ಜನನ ಪತ್ರ, ಮೂವತ್ತೇಳು ವರ್ಷದ ಸಂಬಳದ ಚೀಟಿಗಳು, ಎಲ್ಲ ಕ್ರಮಸಂಖ್ಯೆ ಹಾಕಿ ಪೋಣಿಸಿದ್ದು. ಅಷ್ಟು ಅಚ್ಚುಕಟ್ಟಾದ ಕಡತವನ್ನು ತಾವು ನೋಡಿಯೇ ಇಲ್ಲವೆಂದು ಸಿಬ್ಬಂದಿ ಅಧಿಕಾರಿ ಎದ್ದು ನಿಂತು ಮೆಚ್ಚಿದರು. ಆಮೇಲೆ ಜನನ ಪತ್ರವನ್ನು ಬೆಳಕಿಗೆ ಹಿಡಿದರು.

"ಇದ್ರಲ್ಲಿ ಹುಟ್ಟಿದ್ದು ಯಾವಾಗ ಅಂತ ಇದೆ ತಾಯಿ. ಈಗ ವಯಸ್ಸೆಷ್ಟು ಅಂತ ಇಲ್ವಲ್ಲ."

"ಕಳೆದ್ರೆ ಬರತ್ತೆ."

"ಕಳೆಯೋ ಅಧಿಕಾರ ನನಗಿಲ್ಲ. ಸೇವಾ ಪುಸ್ತಕದಲ್ಲಿ ಇರೋದನ್ನ ಓದೋದು ಮಾತ್ರ ನನ್ನ ಕೆಲಸ."

ಆದರೆ ಮಗಳ ಜನನ ಪತ್ರ ನೋಡಿ ಅವರು ಗಂಭೀರರಾದರು. ಇಪ್ಪತ್ಮೂರರ ನೌಕರನಿಗೆ ಮೂವತ್ತೊಂದರ ಮಗಳಿರುವುದು ನಿಯಮಬಾಹಿರ. ಅವಲಂಬಿತರ ಪಟ್ಟಿಯನ್ನು ಈಗಲೇ ಸರಿಪಡಿಸದಿದ್ದರೆ ತನಿಖೆಯಲ್ಲಿ ಯಜಮಾನರ ಕೆಲಸಕ್ಕೇ ಸಂಚಕಾರ ಬರುತ್ತದೆ ಎಂದು ಕಳಕಳಿಯಿಂದ ಹೇಳಿ, ಫಾರಂ ತರಿಸಿ, ತಾವೇ ತುಂಬಿದರು. ಮೂವತ್ತೊಂದರ ಮಗಳು: ಅಕ್ಕ. ಐವತ್ತೇಳರ ಮನೆಯಾಕೆ: ತಾಯಿ.

ಮನೆಯಾಕೆ ಆ ಹಾಳೆಯನ್ನು ಮೂರು ಸಲ ಓದಿದರು. ಆಕೆ ಒಂದು ಹಾಳೆಯನ್ನು ಮತ್ತೆ ಮತ್ತೆ ಓದಿದ್ದು, ಎರಡನೆಯ ಸ್ಥಾನ ಬಂದ ದಿನದ ನಂತರ ಇದೇ ಮೊದಲು. ಮೂವತ್ತೆರಡು ವರ್ಷದ ದಾಂಪತ್ಯವನ್ನು ಒಂದು ಖಾನೆಯಲ್ಲಿ ಹೀಗೆ ಅಳಿಸುವುದಕ್ಕೆ ಆಧಾರವೇನು ಎಂದು ಕೊನೆಗೆ ಕೇಳಿದರು.

"ಆಧಾರ ಹಾಗಿರ್ಲಿ ತಾಯಿ. ಆಸ್ಪತ್ರೆ ಖರ್ಚು ಹೆಂಡತಿಗೆ ಅರ್ಧ ಕೊಡ್ತೀವಿ. ತಾಯಿಗೆ ಪೂರ್ತಿ."

ಆಕೆಗೆ ಮಂಡಿ ನೋವಿತ್ತು. ಐದು ಮಹಡಿ ಹತ್ತಿ ಬಂದಿದ್ದರು. ಪೆನ್ನು ಕೇಳಿ ತೆಗೆದುಕೊಂಡು, ಪೂರ್ಣ ಹೆಸರಿನ ಮುಂದೆ ಪದವಿಯನ್ನೂ ಬರೆದು, ಸಹಿ ಮಾಡಿದರು.

ಈಗ ಎಲ್ಲವೂ ಸರಿಹೋಗಿದೆ. ಮಗಳು ಫೋನು ಮಾಡಿದಾಗ "ಏನೋ ತಮ್ಮ, ಅಮ್ಮನ್ನ ಚೆನ್ನಾಗಿ ನೋಡ್ಕೋತಿದೀಯಾ?" ಎನ್ನುತ್ತಾಳೆ, ನಗುತ್ತ ಬೇಗ ಇಟ್ಟುಬಿಡುತ್ತಾಳೆ. ನಿವೃತ್ತನಾದ ಹೊಸಬನನ್ನು ಕಂಡರೆ ಇನ್ನೂ ಹತ್ತು ವರ್ಷ ಸೇವೆ ಬಾಕಿ ಇರುವ ಅವನ ಅಪ್ಪ ಪತ್ರಿಕೆ ಮಡಚಿಟ್ಟು ಎದ್ದು ನಿಲ್ಲುತ್ತಾರೆ. ಅವನಿಗೆ ಹೆಣ್ಣು ನೋಡುತ್ತಿದ್ದಾರೆ, ಹುಡುಗ ಒಳ್ಳೆಯವನು, ವಯಸ್ಸೇ ಸ್ವಲ್ಪ ಜಾಸ್ತಿಯಾಯಿತು ಎಂದು ಎರಡು ಕಡೆ ತಪ್ಪಿಹೋಗಿದೆ. ಕಂತಣ್ಣ ತನಗೆ ಮಾತ್ರ ಏನೂ ಆಗಲಿಲ್ಲವೆಂದು, ಇನ್ನಾದರೂ ತನ್ನ ವಯಸ್ಸನ್ನು ಯಾವ ಕಡೆಗಾದರೂ ಸರಿಸಬೇಕೆಂದು ಅರ್ಜಿ ಕೊಟ್ಟಿದ್ದಾನೆ. ನಡುವಯಸ್ಸಿಗೆ ಪರಿಹಾರ ಕೊಡುವ ಅವಕಾಶ ನಿಯಮಾವಳಿಯಲ್ಲಿಲ್ಲ ಎಂದು ಉತ್ತರ ಬಂದಿದೆ.

ಸಮಾಧಾನಕ್ಕೆ ಅವನನ್ನು ತರಬೇತುದಾರನನ್ನಾಗಿ ಮಾಡಿದ್ದಾರೆ. ಸೋಮವಾರಗಳಲ್ಲಿ ಅವನು ಹೊಸ ನೌಕರರಿಗೆ ಶಾಶ್ವತ ಚಿತ್ರ ತೋರಿಸುತ್ತಾನೆ. ಹಿಂದಿನ ಸಾಲಿನಲ್ಲಿ ಕೂರುವ ಯಜಮಾನರು ಒಮ್ಮೊಮ್ಮೆ ತೂಕಡಿಸುತ್ತಾರೆ. ಆಗ ಕಂತಣ್ಣ ಪರದೆಯ ಮೇಲಿನ ಯುವಕನತ್ತ ಕೋಲು ತೋರಿಸಿ ಗದರುತ್ತಾನೆ.

"ಎದ್ದೇಳು ತಮ್ಮ. ಆ ಹುಡುಗನ್ನ ನೋಡಿ ಕಲಿ."

ಯಜಮಾನರು ಎದ್ದು ಕುಳಿತು, ನೋಡಿ, ಕಲಿಯುತ್ತಾರೆ. ಡಿಸೆಂಬರಿನಲ್ಲಿ ಅವರಿಗೆ ಭರವಸೆಯ ಯುವ ಮಾರಾಟಗಾರ ಪ್ರಶಸ್ತಿ ಬಂತು. ಈ ಕಾಲದ ಹುಡುಗರಲ್ಲಿ ಇಷ್ಟು ತಾಳ್ಮೆ ಅಪರೂಪ ಎಂದು ಫಲಕದಲ್ಲಿ ಬರೆದಿದೆ. ಅವರಿಗೂ ಅದು ನಿಜವೆನಿಸಿತು.

ಒಟ್ಟಾರೆ ಈ ಚಿತ್ರಕ್ಕೆ ತಗುಲಿದ್ದು ಇಷ್ಟು. ಸಂಸ್ಥೆಗೆ ಒಂದು ಕ್ಯಾಮೆರಾದ ಬಾಡಿಗೆ, ತಂಡದ ಕೂಲಿ ಮತ್ತು ಕಿಟಕಿ ಬಳಿದ ಒಂದು ಬಕೆಟ್ಟು ಸುಣ್ಣ. ನಿರ್ದೇಶಕನಿಗೆ ಏನೂ ಇಲ್ಲ. ಮನೆಯಾಕೆಗೆ ಒಬ್ಬ ಗಂಡ, ಅದಕ್ಕೆ ಬದಲಾಗಿ ಎರಡೂ ಮಂಡಿಯ ಚಿಕಿತ್ಸೆ ಪೂರ್ತಿ ಉಚಿತ. ಯಜಮಾನರಿಗೆ ದುಡಿಮೆಯ ಮೂವತ್ತೇಳು ವರ್ಷ. ಹಿಂದಿನ ಮೂವತ್ತೇಳಲ್ಲ, ಅವು ದಾಖಲೆಯಲ್ಲಿಲ್ಲ, ಮುಂದಿನವು. ಅದರಲ್ಲಿ ಆರು ತಿಂಗಳು ಈಗಾಗಲೇ ಸಂದಾಯವಾಗಿದೆ.